ನೆಗಡಿ ಇಟ್ಕೊಂಡು ಸ್ಕೈಡೈವ್ ಮಾಡ್ಬೋದಾ? ಸ್ಲಾಟ್ ಬುಕ್ ಮಾಡಿರೋರು ಒಂದ್ಸಲ ಓದ್ಕೊಳ್ಳಿ

ತಿಂಗಳ ಮುಂಚೆನೇ ಸ್ಲಾಟ್ ಬುಕ್ ಆಗಿರತ್ತೆ, ದುಡ್ಡು ಕಟ್ಟಿ ಆಗಿರತ್ತೆ, ಸಿಕ್ಕಸಿಕ್ಕೋರಿಗೆಲ್ಲ ಹೇಳ್ಕೊಂಡೂ ಆಗಿರತ್ತೆ, ಸರಿಯಾಗಿ ಇನ್ನೆರಡು ದಿನ ಇದೆ ಅನ್ನೋವಾಗ ಗಂಟಲು ಕೆರೆಯೋಕೆ ಶುರುವಾಗಿ ಮಾರನೇ ದಿನ ಬೆಳಿಗ್ಗೆ ಏಳೋ ಹೊತ್ತಿಗೆ ಒಂದು ಹೊಳ್ಳೆ ಪೂರ್ತಿ ಬಂದ್. ಆಗ ಎಲ್ರೂ ತಮಗೆ ತಾವೇ ಹೇಳ್ಕೊಳ್ಳೋದು ಒಂದೇ ಮಾತು: ಅಯ್ಯೋ ಬರೀ ನೆಗಡಿ ತಾನೇ, ಕಾಲೇನು ಮುರಿದಿಲ್ವಲ್ಲ. ಬುಗುಡಿಯಂಥ ಒಡವೆಯಿಲ್ಲ, ನೆಗಡಿಯಂಥ ರೋಗವಿಲ್ಲ ಅಂತ ಗಾದೆ ಇದೆಯಲ್ಲ, ಅದನ್ನ ಕಟ್ಟಿದೋರಿಗೆ ವಿಮಾನದಿಂದ ಹಾರೋ ವಿಷಯ ಗೊತ್ತಿರೋ ಚಾನ್ಸೇ ಇಲ್ಲ, ಆದ್ರೂ ಕಿವಿನೂ ಮೂಗನ್ನೂ ಒಂದೇ ಸಾಲಲ್ಲಿ ತಂದಿಟ್ಟಿದಾರೆ ನೋಡಿ, ಅದು ಮಾತ್ರ ಇಲ್ಲಿಗೆ ಪಕ್ಕಾ ಹೊಂದತ್ತೆ. ಯಾಕಂದ್ರೆ ನೆಗಡಿಯಲ್ಲಿ ಹಾರಿದ್ರೆ ಮೊದ್ಲು ಏಟು ಬೀಳೋದು ಕಿವಿಗೆ.

ಉತ್ತರ ಮೊದ್ಲೇ ಹೇಳಿಬಿಡ್ತೀನಿ, ಕೆಳಗಿನದೆಲ್ಲ ಓದೋಕೆ ಟೈಮ್ ಇಲ್ದೋರು ಇಷ್ಟು ನೋಡ್ಕೊಂಡು ಹೋಗಿ. ಮೂಗು ಹಿಡಿದು ಬಾಯಿ ಮುಚ್ಚಿ ಮೆಲ್ಲಗೆ ಊದಿದಾಗ ಎರಡೂ ಕಿವಿ ಸಲೀಸಾಗಿ ಪಟ್ ಅನ್ಲಿಲ್ಲ ಅಂದ್ರೆ ಅವತ್ತು ಹಾರ್ಬೇಡಿ. ಬಗ್ಗಿದಾಗ ಹಣೆನೋ ಕೆನ್ನೆನೋ ಭಾರವಾಗಿ ನೋವು ಬಂದ್ರೂ ಹಾರ್ಬೇಡಿ. ಜ್ವರ ಇದ್ರಂತೂ ಮಾತೇ ಇಲ್ಲ. ಮೂಗು ಸುಮ್ನೆ ಸ್ವಲ್ಪ ಸೋರ್ತಿದೆ, ಕಿವಿ ಎರಡೂ ಚೆನ್ನಾಗಿ ತೆರ್ಕೊತಿದೆ, ಮೈ ಹುಷಾರಾಗಿದೆ ಅಂದ್ರೆ ಇನ್‌ಸ್ಟ್ರಕ್ಟರ್ ಹತ್ರ ಮಾತಾಡಿ ಆಮೇಲೆ ತೀರ್ಮಾನ ಮಾಡಿ.

ಈಗ ಯಾಕೆ ಅಂತ ನೋಡೋಣ, ಯಾಕಂದ್ರೆ ಕಾರಣ ಗೊತ್ತಿಲ್ದೆ ಬರೀ ಬೇಡ ಅಂದ್ರೆ ಯಾರೂ ಕೇಳಲ್ಲ, ನಾನೂ ಕೇಳಿರ್ಲಿಲ್ಲ.

ತಲೆಯೊಳಗಿನ ಗಾಳಿ ಕೋಣೆಗಳು

ತಲೆ ಅಂದ್ರೆ ಒಂದು ಗಟ್ಟಿ ಬುರುಡೆ ಅಂದ್ಕೊಂಡಿರ್ತೀವಿ, ಆದ್ರೆ ಅದ್ರೊಳಗೆ ಗಾಳಿ ತುಂಬಿರೋ ಸಣ್ಣ ಸಣ್ಣ ಕೋಣೆಗಳು ಸುಮಾರಿವೆ. ಕಿವಿ ತಮಟೆ ಹಿಂದೆ ಒಂದು, ಹುಬ್ಬಿನ ಮೇಲೆ ಹಣೆ ಮೂಳೆಯಲ್ಲಿ, ಕೆನ್ನೆ ಮೂಳೆಯಲ್ಲಿ, ಎರಡು ಕಣ್ಣಿನ ಮಧ್ಯೆ, ಇನ್ನೂ ಹಿಂದಕ್ಕೆ ಒಂದು ಜೋಡಿ. ಕಿವಿದೊಂದು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಸೈನಸ್ ಅಂತಾರೆ (ನಮ್ಮ ಜನ "ನಂಗೆ ಸೈನಸ್ ಇದೆ" ಅಂತ ಕಾಯಿಲೆ ಥರ ಹೇಳ್ತಾರೆ, ಎಲ್ರಿಗೂ ಇರತ್ತೆ ಸ್ವಾಮಿ, ಅದು ಊದ್ಕೊಂಡಾಗ ಮಾತ್ರ ಕಾಯಿಲೆ). ಈ ಎಲ್ಲಾ ಕೋಣೆಗಳಿಗೂ ಗಾಳಿ ಹೋಗಿ ಬರೋ ಸಣ್ಣ ಕಿಂಡಿಗಳಿವೆ, ಎಲ್ಲಾ ಕಿಂಡಿನೂ ಕೊನೆಗೆ ಬಂದು ಸೇರೋದು ಮೂಗಿನ ಒಳಗೆ ಇಲ್ಲಾ ಮೂಗಿನ ಹಿಂಭಾಗಕ್ಕೆ. ಕಿವಿಯಿಂದ ಬರೋ ಕಿಂಡಿಗೆ ಯುಸ್ಟೇಷಿಯನ್ ಟ್ಯೂಬ್ ಅಂತ ಹೆಸರು, 16ನೇ ಶತಮಾನದ ಇಟಲಿಯ ಬಾರ್ತೊಲೊಮಿಯೊ ಯುಸ್ಟಾಕಿ ಅನ್ನೋ ಅಂಗರಚನಾ ಶಾಸ್ತ್ರಜ್ಞನ ಹೆಸರೇ ಅದಕ್ಕೆ ಉಳ್ಕೊಂಡಿದೆ. ದೊಡ್ಡವರಲ್ಲಿ ಅದು ಮೂರೂವರೆ ಸೆಂಟಿಮೀಟರ್ ಹತ್ರ ಉದ್ದ ಇರತ್ತೆ ಅಷ್ಟೇ, ಮಾಮೂಲಿ ಹೊತ್ತಲ್ಲಿ ಮುಚ್ಚೇ ಇರತ್ತೆ, ನಾವು ಎಂಜಲು ನುಂಗಿದಾಗ, ಆಕಳಿಸಿದಾಗ ಒಂದು ಕ್ಷಣ ತೆರ್ಕೊಳತ್ತೆ.

ನೆಗಡಿ ಬಂದಾಗ ಏನಾಗತ್ತೆ ಅಂದ್ರೆ ಮೂಗಿನ ಒಳಪದರ ಊದ್ಕೊಳತ್ತೆ, ಮೇಲಿಂದ ಸಿಂಬಳ ಬೇರೆ ದಪ್ಪ ಆಗಿರತ್ತೆ, ಈ ಸಣ್ಣ ಕಿಂಡಿಗಳ ಬಾಯಿ ಅರ್ಧನೋ ಪೂರ್ತಿನೋ ಮುಚ್ಕೊಳತ್ತೆ. ನೆಲದ ಮೇಲಿದ್ದಾಗ ಇದ್ರಿಂದ ಬರೀ ಕಿರಿಕಿರಿ, ದನಿ ಬದಲಾಗಿರತ್ತೆ, ಊಟಕ್ಕೆ ರುಚಿ ಇರಲ್ಲ, ಅಷ್ಟೇ. ಹೊರಗಿನ ಗಾಳಿ ಒತ್ತಡ ಫಟಾಫಟ್ ಬದಲಾದಾಗ ಮಾತ್ರ ಇದು ಬೇರೆ ಕತೆ.

ಎಷ್ಟು ಬದಲಾಗತ್ತೆ, ಎಷ್ಟು ಬೇಗ

ಸಮುದ್ರ ಮಟ್ಟದಲ್ಲಿ ಗಾಳಿ ಒತ್ತಡ 1013 ಮಿಲಿಬಾರ್. ಸಾಮಾನ್ಯವಾಗಿ ಸ್ಕೈಡೈವ್ ಮಾಡಿಸೋ 13,000 ಅಡಿ ಎತ್ತರದಲ್ಲಿ ಅದು ಸುಮಾರು 620. ಪ್ಯಾರಾಚೂಟ್ ಬಿಚ್ಚೋ 5,000 ಅಡಿ ಹತ್ರ ಬಂದಾಗ ಸುಮಾರು 843. ಅಂದ್ರೆ ಬಾಗಿಲಿಂದ ಹೊರಗೆ ಬಿದ್ದು ಮುಕ್ಕಾಲು ನಿಮಿಷ ಕಳೆಯೋದ್ರೊಳಗೆ 220 ಮಿಲಿಬಾರ್‌ಗೂ ಜಾಸ್ತಿ ಏರಿಬಿಡತ್ತೆ. ಫ್ರೀಫಾಲ್‌ನಲ್ಲಿ (ಪ್ಯಾರಾಚೂಟ್ ಬಿಚ್ಚೋ ಮುಂಚೆ ಸುಮ್ನೆ ಬೀಳೋ ಹೊತ್ತಲ್ಲಿ) ಗಂಟೆಗೆ 190ರಿಂದ 200 ಕಿಲೋಮೀಟರ್ ಸ್ಪೀಡಲ್ಲಿ ಬೀಳ್ತಿರ್ತೀವಿ, ಅಂದ್ರೆ ನಿಮಿಷಕ್ಕೆ 10,000 ಅಡಿ ಲೆಕ್ಕ. ಪ್ಯಾಸೆಂಜರ್ ವಿಮಾನ ಲ್ಯಾಂಡ್ ಆಗೋವಾಗ ಕ್ಯಾಬಿನ್ ಒಳಗಿನ ಒತ್ತಡ ಬದಲಾಗೋದು ನಿಮಿಷಕ್ಕೆ 300-500 ಅಡಿ ಇಳಿದ ಲೆಕ್ಕದಲ್ಲಿ, ಅದೂ ಒಳಗಡೆ 8,000 ಅಡಿಗಿಂತ ಮೇಲಿನ ಗಾಳಿ ಬರದ ಹಾಗೆ ನೋಡ್ಕೊಂಡಿರ್ತಾರೆ. ಅಷ್ಟಕ್ಕೇ ನೆಗಡಿ ಇರೋ ಮಗು ಹೆಂಗೆ ಕಿರುಚಾಡತ್ತೆ ಅಂತ ವಿಮಾನ ಹತ್ತಿದೋರಿಗೆಲ್ಲ ಗೊತ್ತು. ಇಲ್ಲಿ ಅದರ 20 ಪಟ್ಟಿಗೂ ಮೀರಿದ ವೇಗ.

ಹೆದರಿಸೋಕೆ ಹೇಳ್ತಿಲ್ಲ, ನ್ಯಾಯವಾಗಿ ಇನ್ನೊಂದು ಮಾತೂ ಹೇಳ್ಬೇಕು. ಈ ಪೂರ್ತಿ ಜಂಪ್‌ನ ಒತ್ತಡದ ವ್ಯತ್ಯಾಸ ಅಂದ್ರೆ 393 ಮಿಲಿಬಾರ್, ನೀರಲ್ಲಿ ನಾಲ್ಕು ಮೀಟರ್ ಆಳಕ್ಕೆ ಮುಳುಗಿದಷ್ಟೇ. ಆಳದ ಈಜುಕೊಳದ ತಳ ಮುಟ್ಟಿ ಬಂದೋರಿಗೆ ಆ ಕಿವಿ ಒತ್ತೋ ಅನುಭವ ಇದ್ದೇ ಇರತ್ತೆ. ಕಿಂಡಿಗಳು ತೆರೆದಿರೋ ಆರೋಗ್ಯವಂತರಿಗೆ ಇದು ಲೆಕ್ಕಕ್ಕೇ ಬರಲ್ಲ, ಎರಡು ಸಲ ಎಂಜಲು ನುಂಗಿದ್ರೆ ಮುಗೀತು, ಅದಕ್ಕೇ ದಿನಕ್ಕೆ ಹತ್ತು ಸಲ ಹಾರೋ ಇನ್‌ಸ್ಟ್ರಕ್ಟರ್‌ಗಳ ಕಿವಿ ಇನ್ನೂ ನೆಟ್ಟಗಿರೋದು. ಪ್ರಾಬ್ಲಂ ಪೂರ್ತಿ ಇರೋದು ಕಿಂಡಿ ಮುಚ್ಚಿರೋದ್ರಲ್ಲಿ.

ಮುಚ್ಚಿದ್ರೆ ಏನಾಗತ್ತೆ? ಹೊರಗಿನ ಒತ್ತಡ ಒಳಗಿಗಿಂತ ಸುಮಾರು 80 ಮಿಲಿಬಾರ್ ಜಾಸ್ತಿ ಆದ್ರೆ ಕಿವಿ ನೋಯೋಕೆ ಶುರು. 120ರ ಹತ್ರ ಹೋದ್ರೆ ಆ ಟ್ಯೂಬನ್ನ ತೆರೆಯೋ ಸ್ನಾಯುಗಳಿಗೆ ಶಕ್ತಿನೇ ಸಾಲಲ್ಲ, ಹೊರಗಿನ ಒತ್ತಡವೇ ಅದ್ರ ಬಾಯನ್ನ ಅಮುಕಿ ಹಿಡ್ಕೊಂಡು ಬಿಟ್ಟಿರತ್ತೆ, ಆಮೇಲೆ ನೀವು ಎಷ್ಟು ನುಂಗಿ ಎಷ್ಟು ಆಕಳಿಸಿದ್ರೂ ಅಷ್ಟೇ. 13,000 ಅಡಿಯಿಂದ ಬಿದ್ರೆ ಆ 120 ಮಿಲಿಬಾರ್ ವ್ಯತ್ಯಾಸ ಬರೋದು 8,500 ಅಡಿ ಹತ್ರ. ಅಂದ್ರೆ ಹಾರಿದ ಅರ್ಧ ನಿಮಿಷದೊಳಗೆ ಕಿವಿ ಲಾಕ್ ಆಗಿ ಹೋಗಿರತ್ತೆ, ಇನ್ನೂ ಕ್ಯಾಮೆರಾಗೆ ನಗ್ತಾ ಇರ್ತೀರ ನೀವು.

ಹತ್ತೋವಾಗ ಏನೂ ಆಗ್ಲಿಲ್ಲ ಅಂತ ನಂಬ್ಬೇಡಿ

ನಾನು ಈ ಬರಹ ಬರೀತಿರೋದೇ ಈ ಒಂದು ವಿಷಯಕ್ಕೆ. ವಿಮಾನ ಮೇಲೆ ಹೋಗೋವಾಗ ಹೊರಗಿನ ಒತ್ತಡ ಕಮ್ಮಿ ಆಗ್ತಾ ಹೋಗತ್ತೆ, ಒಳಗಿನ ಗಾಳಿ ಹಿಗ್ಗಿ ತಾನೇ ಕಿಂಡಿ ತಳ್ಕೊಂಡು ಹೊರಗೆ ಹೋಗತ್ತೆ, ನೆಗಡಿ ಇದ್ರೂ ಬಹಳಷ್ಟು ಸಲ ಹೋಗತ್ತೆ. ಇಳಿಯೋವಾಗ ಉಲ್ಟಾ, ಹೊರಗಿನ ಗಾಳಿ ಒಳಗೆ ಬರ್ಬೇಕು, ಅದಕ್ಕೆ ನಾವೇ ಬಾಗಿಲು ತೆಗೀಬೇಕು. ಒಂದೇ ಕಡೆ ತಳ್ಳೋಕಾಗೋ ಬಾಗಿಲು ಇದ್ದ ಹಾಗೆ. ಹಾಗಾಗಿ ಮೇಲೆ ಹೋಗೋ 15-20 ನಿಮಿಷ ನಿಮಗೆ ಎಲ್ಲಾ ಚೆನ್ನಾಗೇ ಇದೆ ಅನ್ಸತ್ತೆ, ಕಿವಿ ತಾನೇ ಪಟ್ ಪಟ್ ಅಂತಿರತ್ತೆ, ನೋಡಿದ್ರಾ ಏನೂ ಇಲ್ಲ ಅಂತ ಪಕ್ಕದೋರಿಗೂ ಹೇಳಿರ್ತೀರ. ಆ ಪರೀಕ್ಷೆ ಪಾಸಾಗಿದ್ದಕ್ಕೆ ಅರ್ಥನೇ ಇಲ್ಲ, ಅದು ಬೇರೆ ಸಬ್ಜೆಕ್ಟಿನ ಪರೀಕ್ಷೆ.

ಇನ್ನೊಂದು, ನೀರಲ್ಲಿ ಡೈವ್ ಮಾಡೋರಿಗೆ ಕಿವಿ ಕಟ್ಟಿದ್ರೆ ಒಂದು ಮೀಟರ್ ಮೇಲಕ್ಕೆ ಬಂದು ಸರಿ ಮಾಡ್ಕೊಂಡು ಮತ್ತೆ ಇಳೀಬೋದು. ಪೈಲಟ್‌ಗೆ ಬೇಕಂದ್ರೆ ವಿಮಾನನ ಸ್ವಲ್ಪ ಮೇಲಕ್ಕೆ ಎತ್ಬೋದು. ಬೀಳ್ತಿರೋ ಮನುಷ್ಯನಿಗೆ ಮೇಲಕ್ಕೆ ಹೋಗೋ ದಾರಿನೇ ಇಲ್ಲ.

ನಂದೇ ಒಂದು ಕತೆ ಇದೆ, ಚಿಕ್ಕದಾಗಿ ಹೇಳ್ತೀನಿ. ನನ್ನ ಎರಡನೇ ಟ್ಯಾಂಡಮ್ ಅದು (ಇನ್‌ಸ್ಟ್ರಕ್ಟರ್ ಜೊತೆ ಕಟ್ಟಿಕೊಂಡು ಹಾರೋದು), ನೆಗಡಿ ಬಂದು ಆರು ದಿನ ಆಗಿತ್ತು, ಮೂಗು ಸೋರೋದು ನಿಂತಿತ್ತು, ಎಡಗಿವಿ ಮಾತ್ರ ಸ್ವಲ್ಪ ಹತ್ತಿ ಇಟ್ಟ ಹಾಗೆ ಇತ್ತು. ಯಾರಿಗೂ ಹೇಳ್ಲಿಲ್ಲ, ಹೇಳಿದ್ರೆ ಎಲ್ಲಿ ಬೇಡ ಅಂತಾರೋ ಅಂತ. ಪ್ಯಾರಾಚೂಟ್ ಬಿಚ್ಚಿದ ತಕ್ಷಣ ಎಲ್ರೂ ಹೇಳ್ತಾರಲ್ಲ ಆ ಮೌನ, ಆ ವ್ಯೂ, ನನಗೆ ಅದ್ಯಾವುದೂ ನೆನಪಿಲ್ಲ, ಎಡಗಿವಿಯೊಳಗೆ ಯಾರೋ ಕಡ್ಡಿ ಇಟ್ಟು ಒತ್ತಿದ ಹಾಗೆ ನೋವು, ಕಣ್ಣಲ್ಲಿ ನೀರು, ಹಿಂದಿದ್ದ ಇನ್‌ಸ್ಟ್ರಕ್ಟರ್ ಏನೋ ಕೇಳ್ತಿದಾರೆ ಅದು ಕೇಳಿಸ್ತಾನೇ ಇಲ್ಲ. ಲ್ಯಾಂಡಿಂಗ್‌ಗೆ ಕಾಲೆತ್ತಿ ಅಂತ ಅವರು ಮೂರು ಸಲ ಕಿರುಚಿದ್ರಂತೆ. ನಾಲ್ಕು ದಿನ ಆ ಕಿವಿ ಬಾವಿಯೊಳಗಿಂದ ಕೇಳಿದ ಹಾಗೆ ಕೇಳ್ತಿತ್ತು. ತಪ್ಪು ಪೂರ್ತಿ ನಂದೇ, ಫಾರ್ಮಲ್ಲಿ ಹುಷಾರಿದೀನಿ ಅಂತ ಟಿಕ್ ಮಾಡಿದ್ದು ನಾನೇ.

ಸೈನಸ್ ಕಟ್ಟಿದ್ರೆ ಅದು ಬೇರೆ ಥರ

ಕಿವಿಯಲ್ಲಿ ತಮಟೆ ಅನ್ನೋ ತೆಳು ಪದರ ಇದೆ, ಅದು ಸ್ವಲ್ಪ ಒಳಕ್ಕೆ ಜಗ್ಗತ್ತೆ. ಸೈನಸ್ ಸುತ್ತ ಇರೋದು ಬರೀ ಮೂಳೆ, ಜಗ್ಗೋಕೆ ಏನೂ ಇಲ್ಲ. 1662ರಲ್ಲಿ ರಾಬರ್ಟ್ ಬಾಯ್ಲ್ ಹೇಳಿದ ನಿಯಮ ಸ್ಕೂಲಲ್ಲಿ ಓದಿರ್ತೀವಲ್ಲ, ಒತ್ತಡ ಜಾಸ್ತಿ ಆದ್ರೆ ಗಾಳಿಯ ಗಾತ್ರ ಅಷ್ಟೇ ಕುಗ್ಗತ್ತೆ ಅಂತ, ಅದರ ಪ್ರಕಾರ 13,000 ಅಡಿಯಲ್ಲಿ ಕೋಣೆಯೊಳಗೆ ಸಿಕ್ಕಾಕ್ಕೊಂಡ ಗಾಳಿ ನೆಲಕ್ಕೆ ಬರೋ ಹೊತ್ತಿಗೆ ಶೇಕಡಾ 61ರಷ್ಟು ಗಾತ್ರಕ್ಕೆ ಕುಗ್ಗೋಕೆ ನೋಡತ್ತೆ. ಮೂಳೆ ಕುಗ್ಗಲ್ಲ. ಆಗ ಒಳಗೆ ವ್ಯಾಕ್ಯೂಮ್ ಥರ ಆಗಿ ಸೈನಸ್‌ನ ಒಳಪದರವನ್ನೇ ಎಳೆಯತ್ತೆ, ಅದು ಊದ್ಕೊಂಡು ನೀರು ಒಸರತ್ತೆ, ಜಾಸ್ತಿ ಆದ್ರೆ ರಕ್ತ ಒಸರಿ ಆ ಖಾಲಿ ಜಾಗ ತುಂಬತ್ತೆ. ಇದಕ್ಕೆ ಸೈನಸ್ ಬ್ಯಾರೊಟ್ರಾಮಾ ಅಂತಾರೆ. ಜಾಸ್ತಿ ಪೆಟ್ಟು ತಿನ್ನೋದು ಹಣೆಯ ಸೈನಸ್, ಅದಕ್ಕೆ ಹುಬ್ಬಿನ ಮೇಲೆ ಸೂಜಿ ಚುಚ್ಚಿದಂಗೆ ನೋವು ಬರೋದು. ಕೆನ್ನೆದಾದ್ರೆ ಮೇಲಿನ ಸಾಲಿನ ಹಲ್ಲು ನೋಯತ್ತೆ, ಹಲ್ಲಿಗೇ ಏನೋ ಆಯ್ತು ಅಂದ್ಕೊಂಡು ಡೆಂಟಿಸ್ಟ್ ಹತ್ರ ಓಡೋರೂ ಇದಾರೆ. ಕೆಳಗೆ ಇಳಿದ ಮೇಲೆ ಮೂಗಿಂದ ರಕ್ತ ಬಂದ್ರೆ ಅದೂ ಇದೇ ಲೆಕ್ಕ.

ಕಿವಿ ಕಡೆ ಇನ್ನೂ ದೊಡ್ಡ ತೊಂದರೆಗಳಿವೆ. ತಮಟೆ ಹರಿಯಬೋದು, ಸಣ್ಣ ತೂತಾದ್ರೆ ಸಾಮಾನ್ಯವಾಗಿ ಕೆಲವು ವಾರದಲ್ಲಿ ತಾನೇ ಕೂಡ್ಕೊಳತ್ತೆ. ಅದಕ್ಕಿಂತ ನನಗೆ ಭಯ ಆಗೋದು ಒಳಗಿವಿದು, ಅಲ್ಲಿರೋ ಕಿಟಕಿಯಂಥ ತೆಳು ಪೊರೆ ಹರಿದ್ರೆ ಕಿವಿ ಕೇಳ್ಸೋದೇ ಕಮ್ಮಿ ಆಗಿ, ಗುಂಯ್ ಅನ್ನೋ ಸದ್ದು, ತಲೆ ಸುತ್ತು ಎಲ್ಲಾ ಬರತ್ತೆ, ಕೆಲವೊಮ್ಮೆ ವಾಪಸ್ ಬರಲ್ಲ. ಇದು ಅಪರೂಪ, ಆದ್ರೆ ಬರೋದು ಹೆಚ್ಚಾಗಿ ಮುಚ್ಚಿದ ಕಿವಿಯನ್ನ ಜೋರಾಗಿ ಊದಿ ತೆಗೆಯೋಕೆ ಹೋದಾಗ.

ಒಂದು ಕಿವಿ ತೆರೆದು ಇನ್ನೊಂದು ತೆರೀದೆ ಹೋದ್ರೆ ಎರಡು ಕಡೆ ಒತ್ತಡ ಬೇರೆ ಬೇರೆ ಆಗಿ ತಟ್ಟನೆ ಜಗತ್ತೇ ತಿರುಗೋ ಥರ ತಲೆ ಸುತ್ತಬೋದು. ಟ್ಯಾಂಡಮ್‌ನಲ್ಲಿ ಹಿಂದೆ ಇನ್ನೊಬ್ರು ಇದಾರೆ, ಅವರು ನೋಡ್ಕೊತಾರೆ. ಒಬ್ರೇ ಹಾರೋ ಕೋರ್ಸ್ ಸ್ಟೂಡೆಂಟ್‌ಗಳಿಗೆ ಹೇಳ್ತಿದೀನಿ, ಎತ್ತರ ತೋರಿಸೋ ಆಲ್ಟಿಮೀಟರ್ ನೋಡ್ಬೇಕು, ಸರಿಯಾದ ಎತ್ತರದಲ್ಲಿ ಬಿಚ್ಚಬೇಕು, ಗಾಳಿ ದಿಕ್ಕು ನೋಡಿ ತಿರುಗಿ ಸರಿಯಾದ ಟೈಮಲ್ಲಿ ಫ್ಲೇರ್ ಮಾಡ್ಬೇಕು (ನೆಲ ಮುಟ್ಟೋ ಮುಂಚೆ ವೇಗ ತಗ್ಗಿಸೋಕೆ ಪ್ಯಾರಾಚೂಟಿನ ಬ್ರೇಕ್ ಎಳೆಯೋದು), ಇದೆಲ್ಲ ತಲೆ ತಿರುಗ್ತಿರೋವಾಗ ಮಾಡೋ ಕೆಲಸ ಅಲ್ಲ. ಕಿವಿ ನೋವಿಂದ ಯಾರೂ ಸಾಯಲ್ಲ, ಕಿವಿ ನೋವಲ್ಲಿ ಗಮನ ತಪ್ಪಿದ್ರೆ ಕಾಲು ಮುರೀಬೋದು, ಅದಕ್ಕಿಂತ ಕೆಟ್ಟದ್ದೂ ಆಗ್ಬೋದು.

ಮನೆಯಲ್ಲೇ ಚೆಕ್ ಮಾಡ್ಕೊಳ್ಳೋದು ಹೇಗೆ

ಹಿಂದಿನ ರಾತ್ರಿ ಒಂದ್ಸಲ, ಬೆಳಿಗ್ಗೆ ಎದ್ದು ಒಂದು ಗಂಟೆ ಬಿಟ್ಟು ಒಂದ್ಸಲ, ಅಲ್ಲಿಗೆ ಹೋದ್ಮೇಲೆ ಇನ್ನೊಂದ್ಸಲ ಮಾಡಿ. ಎದ್ದ ತಕ್ಷಣ ಮಾಡ್ಬೇಡಿ, ಮಲಗಿದ್ದಾಗ ಎಲ್ರಿಗೂ ಮೂಗು ಸ್ವಲ್ಪ ಕಟ್ಟಿರತ್ತೆ.

ಮೊದ್ಲು ಮೂಗು ಹಿಡಿದು ಎಂಜಲು ನುಂಗಿ. ಇದಕ್ಕೆ ಟಾಯ್ನ್‌ಬೀ ವಿಧಾನ ಅಂತಾರೆ. ಎರಡೂ ಕಿವಿಯಲ್ಲಿ ಸಣ್ಣ ಕ್ಲಿಕ್ ಬರ್ಬೇಕು. ಆಮೇಲೆ ಮೂಗು ಹಿಡಿದು ಬಾಯಿ ಮುಚ್ಚಿ ಮೆಲ್ಲಗೆ ಊದಿ, ಇದು ವಾಲ್ಸಾಲ್ವಾ. ಮೂಗು ಹಿಡಿದ್ರೆ ಬಾಯಿ ಬಿಡ್ತಾನೆ ಅಂತ ಗಾದೆ, ಇಲ್ಲಿ ಬಿಡ್ಬಾರ್ದು ಅಷ್ಟೇ. ಕನ್ನಡಿ ಒರೆಸೋಕೆ ಹಾ ಅಂತ ಊದ್ತೀವಲ್ಲ, ಅಷ್ಟೇ ಜೋರು ಸಾಕು, ಮುಖ ಕೆಂಪಾಗೋ ಥರ ಬಲೂನ್ ಊದಿದ ಹಾಗೆ ಊದ್ಬೇಡಿ. ಬಲಗಿವಿ ಎಡಗಿವಿ ಎರಡನ್ನೂ ಬೇರೆ ಬೇರೆಯಾಗಿ ಗಮನಿಸಿ, ಒಂದು ಪಟ್ ಅಂದು ಇನ್ನೊಂದು ಸುಮ್ನಿದ್ರೆ ಅದು ಫೇಲ್. ಎರಡು ಮೂರು ಸಲ ಪ್ರಯತ್ನ ಪಟ್ಟ ಮೇಲೆ ಚಿರ್ ಅಂತ ಕಷ್ಟಪಟ್ಟು ತೆರ್ಕೊಂಡ್ರೆ ಅದೂ ನನ್ನ ಲೆಕ್ಕದಲ್ಲಿ ಫೇಲೇ, ಯಾಕಂದ್ರೆ ಮೇಲೆ ನಿಮಗೆ ಅಷ್ಟು ಟೈಮ್ ಸಿಗಲ್ಲ.

ಸೈನಸ್‌ಗೆ, ಕುರ್ಚಿ ಮೇಲೆ ಕೂತು ತಲೆ ಮೊಣಕಾಲಿನ ಹತ್ರ ಬರೋ ಹಾಗೆ ಬಗ್ಗಿ ಅರ್ಧ ನಿಮಿಷ ಇರಿ. ಹಣೆ, ಕಣ್ಣಿನ ಸುತ್ತ, ಕೆನ್ನೆ ಭಾರ ಆಗಿ ಒತ್ತಿದ ಹಾಗೆ ನೋವು ಬಂದ್ರೆ ಕಿಂಡಿ ಕಟ್ಟಿದೆ ಅಂತ ಅರ್ಥ. ಹುಬ್ಬಿನ ಮೇಲೆ ಬೆರಳಲ್ಲಿ ಮೆಲ್ಲಗೆ ತಟ್ಟಿ ನೋಡಿ, ಒಂದು ಕಡೆ ಮಾತ್ರ ನೋವಿದ್ರೆ ಅದೂ ಅಷ್ಟೇ. ಹಳದಿ ಹಸಿರು ಗಟ್ಟಿ ಸಿಂಬಳ ಜೊತೆಗೆ ಮುಖದ ನೋವು ಇದ್ರೆ ಟೆಸ್ಟ್ ಎಲ್ಲ ಬೇಡ, ಫೋನ್ ಮಾಡಿ ಡೇಟ್ ಮುಂದಕ್ಕೆ ಹಾಕಿಸಿ. ಹೋಗೋ ದಾರಿಯಲ್ಲಿ ಬೆಟ್ಟ ಇಳಿಯೋದು ಇದ್ರೆ ಇನ್ನೂ ಒಳ್ಳೇದು, ಪುಕ್ಕಟೆ ಟೆಸ್ಟ್, ಅಷ್ಟಕ್ಕೇ ಕಿವಿ ಕಟ್ಟಿ ಬಿಡದೆ ಇದ್ರೆ ವಿಮಾನ ಹತ್ತೋ ಮಾತೇ ಬೇಡ.

ಮಾತ್ರೆ, ಸ್ಪ್ರೇ ಹಾಕ್ಕೊಂಡು ಹಾರಿದ್ರೆ?

ಎಲ್ರೂ ಬರೋದು ಇಲ್ಲಿಗೇ. ಆಕ್ಸಿಮೆಟಾಜೋಲಿನ್, ಜೈಲೋಮೆಟಾಜೋಲಿನ್ ಅನ್ನೋ ಮೂಗಿನ ಸ್ಪ್ರೇಗಳು ಕೆಲವೇ ನಿಮಿಷದಲ್ಲಿ ಮೂಗು ಬಿಡಿಸತ್ತೆ, ಹಲವು ಗಂಟೆ ಎಫೆಕ್ಟ್ ಇರತ್ತೆ, ಸೂಡೋಎಫೆಡ್ರಿನ್ ಮಾತ್ರೆನೂ ಕಿವಿ ನೋವು ಸ್ವಲ್ಪ ಮಟ್ಟಿಗೆ ತಡೆಯತ್ತೆ. ಆದ್ರೆ ನೋಡಿ, ಸ್ಪ್ರೇ ಮುಟ್ಟೋದು ಮೂಗಿನ ಮುಂಭಾಗಕ್ಕೆ, ನಿಮಗೆ ಉಸಿರು ಸಲೀಸಾಯ್ತು ಅಂದ ಮಾತ್ರಕ್ಕೆ ಹಿಂದಿರೋ ಟ್ಯೂಬಿನ ಬಾಯಿ, ಮೇಲಿರೋ ಹಣೆ ಸೈನಸ್ ಕಿಂಡಿ ತೆರೀತು ಅಂತ ಅಲ್ಲ. ಎರಡನೇದು, ಸ್ಕೈಡೈವಿಂಗ್‌ನಲ್ಲಿ ಟೈಮ್ ಯಾವತ್ತೂ ನಮ್ಮ ಕೈಲಿರಲ್ಲ, ಬೆಳಿಗ್ಗೆ ಒಂಬತ್ತಕ್ಕೆ ಅಂತ ಸ್ಪ್ರೇ ಹೊಡ್ಕೊಂಡು ಹೋಗಿರ್ತೀರ, ಮೋಡ, ಗಾಳಿ ಅಂತ ಕಾಯಿಸಿ ಕಾಯಿಸಿ ವಿಮಾನ ಹತ್ತೋ ಹೊತ್ತಿಗೆ ಮಧ್ಯಾಹ್ನ ಮೂರು. ನೀವು ಮೇಲಿದ್ದಾಗ ಔಷಧಿ ಎಫೆಕ್ಟ್ ಕಮ್ಮಿ ಆದ್ರೆ ಕಿಂಡಿ ಮತ್ತೆ ಮುಚ್ಕೊಂಡು, ಬೀಳೋವಾಗ ಹೊರಗಿನ ಗಾಳಿ ಒಳಗೆ ಬರೋಕಾಗಲ್ಲ. ಸ್ಪ್ರೇನ ಮೂರರಿಂದ ಐದು ದಿನಕ್ಕಿಂತ ಜಾಸ್ತಿ ಬಳಸಿದ್ರೆ ಅದೇ ಮೂಗು ಕಟ್ಟಿಸತ್ತೆ, ಬಿಟ್ಟ ತಕ್ಷಣ ಮೊದಲಿಗಿಂತ ಜೋರಾಗಿ ಊದ್ಕೊಳತ್ತೆ. ಬಿಪಿ, ಹಾರ್ಟ್ ತೊಂದರೆ ಇರೋರು ಸೂಡೋಎಫೆಡ್ರಿನ್ ಮುಟ್ಟೋ ಮುಂಚೆ ಡಾಕ್ಟರ್ ಕೇಳಿ, ಹಾರೋ ದಿನ ಎದೆ ಬಡಿತ ಹೇಗೂ ಓಡ್ತಿರತ್ತೆ, ಅದಕ್ಕೆ ಇನ್ನಷ್ಟು ತಳ್ಳೋದು ಯಾಕೆ.

ಮೂಗು ಸೋರೋದಕ್ಕೆ ಕೊಡೋ ಹಳೇ ಕಾಲದ ಆಂಟಿಹಿಸ್ಟಮಿನ್‌ಗಳು, ಕ್ಲೋರ್‌ಫೆನಿರಮಿನ್ ಥರದ್ದು, ನಿದ್ದೆ ಬರ್ಸತ್ತೆ, ತಲೆ ಮಂಕು ಮಾಡತ್ತೆ. ನೆಗಡಿಯ ಕಾಂಬಿನೇಷನ್ ಮಾತ್ರೆಗಳಲ್ಲಿ ಅದು ಸೇರಿರತ್ತೆ, ಸ್ಟ್ರಿಪ್ ಹಿಂದೆ ಓದಿ ನೋಡಿ. ನೋವಿನ ಮಾತ್ರೆ ನುಂಗಿ ಹಾರೋದು ಎಲ್ಲಕ್ಕಿಂತ ಕೆಟ್ಟ ಐಡಿಯಾ, ಒತ್ತಡ ಹಾಗೇ ಇರತ್ತೆ, ಅದನ್ನ ಹೇಳೋ ನೋವನ್ನ ಮಾತ್ರ ಬಾಯಿ ಮುಚ್ಚಿಸಿರ್ತೀರ. ಪೈಲಟ್‌ಗಳು ಹಾರೋ ಮುಂಚೆ ತಮ್ಮನ್ನ ತಾವೇ ಕೇಳ್ಕೊಳ್ಳೋ ಐಯಾಮ್‌ಸೇಫ್ ಅನ್ನೋ ಚೆಕ್‌ಲಿಸ್ಟ್ ಇದೆ, ಅದ್ರಲ್ಲಿ ಮೊದಲನೇ ಪ್ರಶ್ನೆ ಕಾಯಿಲೆ ಇದೆಯಾ, ಎರಡನೇದು ಔಷಧಿ ತಗೊಂಡಿದೀಯಾ. ಅದೇ ಆರ್ಡರಲ್ಲಿ ಇಟ್ಟಿರೋದು ಎಷ್ಟು ಸರಿ ಅಂತ ನೆಗಡಿ ಬಂದಾಗಲೇ ಗೊತ್ತಾಗೋದು.

ಮಾಡ್ಬೋದಾದ್ದು ಅಂದ್ರೆ, ನಾಲ್ಕೈದು ದಿನ ಮುಂಚೆಯಿಂದ ಉಪ್ಪುನೀರಲ್ಲಿ ಮೂಗು ತೊಳೀರಿ (ಕುದಿಸಿ ಆರಿಸಿದ ನೀರೇ ಆಗ್ಬೇಕು), ಹಬೆ ತಗೊಳ್ಳಿ, ನೀರು ಚೆನ್ನಾಗಿ ಕುಡೀರಿ, ಡ್ರಿಂಕ್ಸ್ ಮಾಡೋ ಅಭ್ಯಾಸ ಇರೋರು ಹಿಂದಿನ ರಾತ್ರಿ ಬಿಟ್ಬಿಡಿ, ಅದು ಒಳಪದರನ ಇನ್ನೂ ಊದಿಸತ್ತೆ. ಇದ್ರಿಂದ ನೆಗಡಿ ಬೇಗ ಹೋಗತ್ತೆ ಅಂತ ಗ್ಯಾರಂಟಿ ಕೊಡಲ್ಲ. ಔಷಧಿ ತಗೊಂಡ್ರೆ ಒಂದು ವಾರ, ತಗೊಳ್ದಿದ್ರೆ ಏಳು ದಿನ ಅನ್ನೋದು ನಿಮಗೂ ಗೊತ್ತು.

ಹೇಳೋಕೆ ನಾಚ್ಕೋಬೇಡಿ

ಬುಕ್ ಮಾಡೋವಾಗಲೇ ಹುಷಾರಿಲ್ದೆ ಹೋದ್ರೆ ಡೇಟ್ ಬದಲಾಯಿಸ್ಬೋದಾ, ಎಷ್ಟು ದಿನ ಮುಂಚೆ ಹೇಳ್ಬೇಕು ಅಂತ ಕೇಳಿಟ್ಕೊಳ್ಳಿ. ಈ ಒಂದು ಪ್ರಶ್ನೆ ಕೇಳಿರೋದ್ರಿಂದ ಕೊನೇ ಕ್ಷಣದ ಭಂಡ ಧೈರ್ಯ ಅರ್ಧ ಕಮ್ಮಿ ಆಗತ್ತೆ, ಯಾಕಂದ್ರೆ ಜನ ನೆಗಡಿಯಲ್ಲಿ ಹಾರೋದು ಧೈರ್ಯಕ್ಕಲ್ಲ, ಕಟ್ಟಿದ ದುಡ್ಡು ಹೋಗತ್ತೆ ಅಂತ. ಇನ್ನೊಂದು ಯಾರೂ ಯೋಚನೆ ಮಾಡದ ವಿಷಯ, ಟ್ಯಾಂಡಮ್ ಅಂದ್ರೆ ಇನ್‌ಸ್ಟ್ರಕ್ಟರ್ ಎದೆಗೆ ನಿಮ್ಮ ಬೆನ್ನು ಕಟ್ಟಿರತ್ತೆ, ಸಣ್ಣ ವಿಮಾನದಲ್ಲಿ ಮೈಗೆ ಮೈ ತಾಗಿಸಿ ಕೂತಿರ್ತೀರ, ನೀವು ಸೀನಿದ್ರೆ ಅವರಿಗೂ ಅಂಟತ್ತೆ. ನಿಮಗೆ ಒಂದು ಜಂಪ್ ಹೋಗತ್ತೆ, ಅವರಿಗೆ ಒಂದು ವಾರದ ಕೆಲಸ.

ಮೇಲೆ ಹೋದ್ಮೇಲೆ ಅನುಮಾನ ಬಂದ್ರೆ

ಬಾಗಿಲು ತೆಗೆದ ಮೇಲೂ ಬೇಡ ಅನ್ನೋ ಹಕ್ಕು ನಿಮಗಿದೆ, ವಿಮಾನದಲ್ಲೇ ವಾಪಸ್ ಇಳೀಬೋದು. ಆದ್ರೆ ಒಂದು ಗೊತ್ತಿರ್ಲಿ, ಜಂಪರ್‌ಗಳನ್ನ ಇಳಿಸಿದ ಮೇಲೆ ಪೈಲಟ್ ಮುಂದಿನ ಲೋಡ್ ತರೋಕೆ ನಿಮಿಷಕ್ಕೆ ಸಾವಿರಾರು ಅಡಿ ಲೆಕ್ಕದಲ್ಲಿ ಸರ್ರಂತ ಇಳಿಸ್ತಾರೆ. ಹಾಗಾಗಿ ಸುಮ್ನೆ ಕೂರ್ಬೇಡಿ, ಕಿವಿ ಪ್ರಾಬ್ಲಂ ಇದೆ ನಿಧಾನಕ್ಕೆ ಇಳಿಸಿ ಅಂತ ಪೈಲಟ್‌ಗೆ ಗೊತ್ತಾಗೋ ಹಾಗೆ ಹೇಳ್ಸಿ. ದಾರಿಯುದ್ದಕ್ಕೂ ನುಂಗ್ತಾ, ಆಕಳಿಸ್ತಾ ಇರಿ, ನೋವು ಬರೋವರೆಗೂ ಕಾಯ್ಬೇಡಿ, ಸ್ವಲ್ಪ ಒತ್ತಿದ ಹಾಗೆ ಅನ್ಸಿದ ತಕ್ಷಣ ತೆರೆಸ್ಬೇಕು.

ಹಾರೇ ಬಿಟ್ರಿ, ಫ್ರೀಫಾಲ್‌ನಲ್ಲಿ ಕಟ್ಟಿತು ಅಂದ್ರೆ ಗಾಳಿಯಲ್ಲಿ ಮೂಗು ಹಿಡಿಯೋಕೆ ಒಂದು ಕೈ ಒಳಗೆ ತಂದ್ರೆ ಬ್ಯಾಲೆನ್ಸ್ ಹೋಗತ್ತೆ, ಹಾಗಾಗಿ ದವಡೆ ಆಡಿಸ್ತಾ ನುಂಗೋದು ಅಷ್ಟೇ. ಕಿರುಚೋದೂ ಒಳ್ಳೇದೇ, ಬಾಯಿ ಅಗಲ ಆಗತ್ತೆ. ಪ್ಯಾರಾಚೂಟ್ ಬಿಚ್ಚಿ ಎಲ್ಲಾ ಸರಿಯಿದೆ ಅಂತ ನೋಡಿದ ಮೇಲೆ ಮೂಗು ಹಿಡಿದು ಮೆಲ್ಲಗೆ ಊದಿ, ಫುಲ್‌ಫೇಸ್ ಹೆಲ್ಮೆಟ್ ಇದ್ರೆ ಮೊದ್ಲು ವೈಸರ್ ಎತ್ತಿ. ಟ್ಯಾಂಡಮ್‌ನಲ್ಲಿ ಸ್ಪೈರಲ್ ಬೇಡ ಅಂತ ಇನ್‌ಸ್ಟ್ರಕ್ಟರ್‌ಗೆ ಹೇಳಿ, ಆ ಗಿರಗಿರ ತಿರುಗೋದು ಮಜಾ ಕೊಡತ್ತೆ ಆದ್ರೆ ಇಳಿಯೋ ವೇಗ ಪೂರಾ ಜಾಸ್ತಿ ಮಾಡತ್ತೆ. ಕಮ್ಮಿ ಎತ್ತರದಿಂದ ಹಾರಿದ್ರೆ ಪರವಾಗಿಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ, ಕೆಳಗೆ ಗಾಳಿ ದಟ್ಟ, ಕೊನೇ 5,000 ಅಡಿಯಲ್ಲೇ 170 ಮಿಲಿಬಾರ್ ಏರತ್ತೆ, ಕಟ್ಟಿದ ಕಿವಿ ಲಾಕ್ ಆಗೋಕೆ ಅಷ್ಟು ಧಾರಾಳ ಸಾಕು. ಮೂರು ಸಲ ಊದಿದ್ರೂ ತೆರೀಲಿಲ್ಲ ಅಂದ್ರೆ ಬಿಟ್ಬಿಡಿ, ಗಮನ ಲ್ಯಾಂಡಿಂಗ್ ಮೇಲಿಡಿ.

ಇಳಿದ ಮೇಲೆ

ಕಿವಿ ಕಟ್ಟಿದ ಹಾಗೆ, ದೂರದಿಂದ ಕೇಳಿದ ಹಾಗೆ ಇದ್ರೆ ಗಾಬರಿ ಬೇಡ, ಬಹಳಷ್ಟು ಜನಕ್ಕೆ ಕೆಲವು ಗಂಟೆಯಲ್ಲಿ ಇಲ್ಲಾ ಕೆಲವು ದಿನದಲ್ಲಿ ಸರಿ ಹೋಗತ್ತೆ. ಜೋರಾಗಿ ಊದ್ಬೇಡಿ, ಜೋರಾಗಿ ಮೂಗು ಸೀಟ್ಬೇಡಿ, ಕಿವಿಗೆ ಎಣ್ಣೆ ಬಿಡೋದು, ಕಡ್ಡಿ ಹಾಕೋದು, ಸ್ವಿಮ್ಮಿಂಗ್ ಎಲ್ಲಾ ಬಂದ್. ಸರಿ ಹೋಗೋವರೆಗೂ ಇನ್ನೊಂದು ಜಂಪ್ ಇಲ್ಲ, ವಿಮಾನದಲ್ಲಿ ಊರಿಗೆ ವಾಪಸ್ ಹೋಗ್ಬೇಕಾದೋರು ಟಿಕೆಟ್ ಮುಂದಕ್ಕೆ ಹಾಕೋ ಬಗ್ಗೆನೂ ಯೋಚನೆ ಮಾಡಿ, ಪೆಟ್ಟು ತಿಂದ ಕಿವಿಗೆ ಎರಡನೇ ಇಳಿತ ಬೇಕಾಗಿಲ್ಲ.

ಕಿವಿಯಿಂದ ರಕ್ತ ಅಥವಾ ನೀರು ಬಂದ್ರೆ, ಹಣೆ ನೋವು ಒಂದೆರಡು ದಿನ ಕಳೆದ್ರೂ ಇಳೀದೆ ಜ್ವರ ಸೇರ್ಕೊಂಡ್ರೆ, ಕಣ್ಣಿನ ಸುತ್ತ ಊದ್ಕೊಂಡ್ರೆ ಇಎನ್‌ಟಿ ಡಾಕ್ಟರ್‌ಗೆ ತೋರ್ಸಿ. ಕಿವಿ ತಟ್ಟನೆ ಕೇಳ್ಸದೆ ಹೋದ್ರೆ, ರೂಮ್ ತಿರುಗಿದ ಹಾಗೆ ತಲೆ ಸುತ್ತು ಬಿಡದೆ ಇದ್ರೆ, ಗುಂಯ್ ಅನ್ನೋ ಸದ್ದು ನಿಲ್ದೆ ಇದ್ರೆ ನಾಳೆ ನೋಡೋಣ ಅನ್ಬೇಡಿ, ಅವತ್ತೇ ಹೋಗಿ, ಒಳಗಿವಿ ತೊಂದರೆ ಆದ್ರೆ ಟ್ರೀಟ್‌ಮೆಂಟ್ ಎಷ್ಟು ಬೇಗ ಶುರುವಾದ್ರೆ ಅಷ್ಟು ಒಳ್ಳೇದು. ಮತ್ತೆ ಡಾಕ್ಟರ್‌ಗೆ ಸ್ಕೈಡೈವ್ ಮಾಡಿದ್ದೆ ಅಂತ ಬಾಯಿ ಬಿಟ್ಟು ಹೇಳಿ. ನಾನು ಮೊದಲನೇ ದಿನ ಬರೀ ನೆಗಡಿ ಅಂತ ಹೇಳಿ ನೆಗಡಿ ಮಾತ್ರೆನೇ ತಗೊಂಡು ಬಂದಿದ್ದೆ.

ನೆಗಡಿ ಹೋಯ್ತು ಅಂದ್ಮೇಲೂ ಒಳಗಿನ ಊತ ಇಳಿಯೋಕೆ ಇನ್ನೊಂದಷ್ಟು ದಿನ ಬೇಕು, ಹಾಗಾಗಿ ಹೊಸ ಡೇಟ್ ತಗೊಳೋವಾಗ ಮೂಗು ಸೋರೋದು ನಿಂತ ದಿನದಿಂದ ಲೆಕ್ಕ ಹಾಕ್ಬೇಡಿ, ಔಷಧಿ ಇಲ್ದೆ ಎರಡೂ ಕಿವಿ ಒಂದೇ ಪ್ರಯತ್ನಕ್ಕೆ ಪಟ್ ಅಂದ ದಿನದಿಂದ ಲೆಕ್ಕ ಹಾಕಿ. ಅಲರ್ಜಿ ಇದ್ದು ವರ್ಷವಿಡೀ ಮೂಗು ಕಟ್ಟೋರು, ಮೂಗಲ್ಲಿ ಪಾಲಿಪ್ಸ್ (ಒಳಪದರದಲ್ಲಿ ಬೆಳೆಯೋ ಮೆತ್ತನೆ ಗಂಟುಗಳು) ಇರೋರು, ಕಿವಿ ಅಥವಾ ಸೈನಸ್ ಆಪರೇಷನ್ ಆಗಿರೋರು ಬುಕ್ ಮಾಡೋಕೆ ಮುಂಚೆನೇ ಇಎನ್‌ಟಿ ಹತ್ರ ಒಂದ್ಸಲ ತೋರಿಸ್ಕೊಂಡು ಬನ್ನಿ.